ದೋಣಿಯೊಳಗಿನ ನೀರಿಗೆ ಯಾವ ದಾರಿ? ಕಾಸರಗೋಡಿನ ವಿಹಾರದೋಣಿಗಳಿಗೆ ಒಂದು ಹೋಲಿಕೆಯ ಮಾರ್ಗದರ್ಶಿ

ಚಂದ್ರಗಿರಿ, ಶಿರಿಯ, ಮೊಗ್ರಾಲ್ ಹೊಳೆಗಳ ದಡದಲ್ಲಾಗಲಿ, ದಕ್ಷಿಣಕ್ಕೆ ವಲಿಯಪರಂಬದ ಹಿನ್ನೀರಿನಲ್ಲಾಗಲಿ, ಸ್ವಂತ ವಿಹಾರಕ್ಕೆಂದೋ ಮನೆಗೆ ಬರುವ ಅತಿಥಿಗಳನ್ನು ಸುತ್ತಾಡಿಸಲೆಂದೋ ದೋಣಿ ಕೊಳ್ಳುವವರು ಮೊದಲು ವಿಚಾರಿಸುವುದು ಎಂಜಿನ್ನಿನ ಅಶ್ವಶಕ್ತಿಯನ್ನು, ಆಮೇಲೆ ಎಷ್ಟು ಜನ ಕೂರಬಹುದೆಂಬುದನ್ನು. ಒಳಗೆ ಸೇರಿದ ನೀರು ಯಾವ ದಾರಿಯಿಂದ ಹೊರಗೆ ಹೋಗುತ್ತದೆ ಎಂದು ಕೇಳುವವರು ಕಡಿಮೆ. ಆದರೆ ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಈ ಜಿಲ್ಲೆಯಲ್ಲಿ ದೋಣಿಯ ಆಯುಷ್ಯವನ್ನು ಎಂಜಿನ್ನಿಗಿಂತ ಹೆಚ್ಚಾಗಿ ನಿರ್ಧರಿಸುವುದು ಇದೇ ಪ್ರಶ್ನೆ. ಪ್ಲಗ್, ಸ್ಕಪ್ಪರ್ (ನೆಲದ ನೀರು ಹೊರಹೋಗುವ ಗಂಡಿ), ಕೈಪಂಪು, ವಿದ್ಯುತ್ ಪಂಪು ಎಂಬ ಬಗೆಬಗೆಯ ವ್ಯವಸ್ಥೆಗಳಲ್ಲಿ ಯಾವುದು ಒಳ್ಳೆಯದು ಎಂದು ಕೇಳುವ ಮೊದಲು, ದೋಣಿ ಓಡದೆ ಇರುವ ಹೊತ್ತಿನಲ್ಲಿ ಎಲ್ಲಿ ನಿಂತಿರುತ್ತದೆ ಎಂದು ಕೇಳಿಕೊಳ್ಳಬೇಕು. ಓಡುವ ದೋಣಿಯಲ್ಲಿ ನೀರು ಕಂಡರೆ ಮೊಗೆಯಲು ಜನ ಇರುತ್ತಾರೆ. ಕಡವಿನಲ್ಲಿ ಕಟ್ಟಿಹಾಕಿದ ದೋಣಿಯಲ್ಲಿ ಯಾರೂ ಇರುವುದಿಲ್ಲ.

ಲೆಕ್ಕ ಸರಳವಾಗಿದೆ. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಒಂದು ಲೀಟರ್ ನೀರು. ಐದು ಮೀಟರ್ ಉದ್ದದ, ಮೇಲ್ಭಾಗ ತೆರೆದ ದೋಣಿ ಸುಮಾರು 8 ಚದರ ಮೀಟರ್ ಮಳೆಯನ್ನು ಹಿಡಿಯುತ್ತದೆ ಎಂದಿಟ್ಟುಕೊಳ್ಳಿ. ಆಟಿ ತಿಂಗಳಲ್ಲಿ ನಮ್ಮಲ್ಲಿ ಒಂದು ಹಗಲು-ರಾತ್ರಿಯಲ್ಲಿ 100 ಮಿಲಿಮೀಟರ್ ಬೀಳುವುದು ಅಪರೂಪವೇನೂ ಅಲ್ಲ. ಅಂದರೆ ಬೆಳಗಾಗುವಷ್ಟರಲ್ಲಿ ಆ ದೋಣಿಯಲ್ಲಿ 800 ಲೀಟರ್ ನೀರು, ಹತ್ತು ಹನ್ನೆರಡು ಜನ ಕುಳಿತಷ್ಟು ಭಾರ. ತಳದಲ್ಲಿ ಒಂದು ಸೂಜಿಮೊನೆಯಷ್ಟು ತೂತೂ ಇಲ್ಲದ ದೋಣಿ ಹೀಗೆ ಕೇವಲ ಮಳೆಯಿಂದಲೇ ಮುಳುಗಬಹುದು.

ಕೋಣೆಗಳ ನಡುವಿನ ದಾರಿ

ಯಾವ ವ್ಯವಸ್ಥೆಯನ್ನು ಆರಿಸಿದರೂ ಅದು ಕೆಲಸ ಮಾಡಬೇಕಾದರೆ ನೀರು ಮೊದಲು ಅದರ ಬಳಿಗೆ ತಲುಪಬೇಕು. ದೋಣಿಯ ಒಳತಳ, ಅಂದರೆ ಬಿಲ್ಜ್, ಒಂದೇ ಬಯಲಲ್ಲ. ಅಡ್ಡಗೋಡೆಗಳು, ಪಕ್ಕೆಲುಬುಗಳು, ನೆಲವನ್ನು ಹೊರುವ ಉದ್ದಪಟ್ಟಿಗಳು ಅದನ್ನು ಹಲವು ಕೋಣೆಗಳಾಗಿ ಒಡೆದಿರುತ್ತವೆ. ಪ್ರತಿ ಪಟ್ಟಿಯ ಬುಡದಲ್ಲಿ ನೀರು ಹರಿಯಲು ಬಿಟ್ಟ ಸಣ್ಣ ಕಂಡಿಗಳ ಮೂಲಕ ಮುಂಭಾಗದ ನೀರು ಹಿಂಭಾಗದ ತಗ್ಗಿಗೆ ಬರಬೇಕು. ಈ ಕಂಡಿಗಳಲ್ಲಿ ಒಂದು ಕಟ್ಟಿಕೊಂಡರೂ ಅದರಿಂದ ಮೂತಿಯ ಕಡೆಗಿರುವ ಕೋಣೆಯಲ್ಲಿ ನೀರು ನಿಂತೇ ಇರುತ್ತದೆ. ಹಿಂದೆ ಕುಳಿತ ಪಂಪು ಒಣಗಿದ್ದನ್ನು ನೋಡಿ ದೋಣಿ ಒಣಗಿದೆ ಎಂದು ನಾವು ನಂಬುತ್ತೇವೆ.

ಇದನ್ನು ಪರೀಕ್ಷಿಸುವುದು ಕಷ್ಟವಲ್ಲ. ದೋಣಿಯನ್ನು ದಡಕ್ಕೆ ಎಳೆದು, ಮೂತಿಯನ್ನು ಒಂದು ಗೇಣು ಎತ್ತರಿಸಿ ನಿಲ್ಲಿಸಿ, ಒಂದು ಬಕೆಟ್ ನೀರಿಗೆ ಎರಡು ಚಮಚ ಅರಿಶಿನಪುಡಿ ಕಲಸಿ ಎಲ್ಲಕ್ಕಿಂತ ಮುಂದಿನ ಕೋಣೆಗೆ ಸುರಿಯಿರಿ. ಹಿಂದಿನ ತೂಬಿನಿಂದ ಹಳದಿ ನೀರು ಬರಲು ಎಷ್ಟು ಹೊತ್ತು ಹಿಡಿಯುತ್ತದೆ, ಸುರಿದದ್ದರಲ್ಲಿ ಎಷ್ಟು ಹೊರಬರುತ್ತದೆ ಎಂದು ಗಮನಿಸಿ. ಅರ್ಧ ಬಕೆಟ್ ಮಾತ್ರ ಬಂದರೆ ಉಳಿದದ್ದು ಎಲ್ಲೋ ನಿಂತಿದೆ. ನೆಲಹಲಗೆ ಎತ್ತಿದಾಗ ಯಾವ ಪಟ್ಟಿಯವರೆಗೆ ಹಳದಿ ಇದೆಯೋ ಅಲ್ಲಿಯೇ ಕಂಡಿ ಕಟ್ಟಿದೆ. ಸಾಮಾನ್ಯವಾಗಿ ಸಿಗುವುದು ಕೆಂಪು ಜೇಡಿ, ಹಗ್ಗದಿಂದ ಉದುರಿದ ತೆಂಗಿನ ನಾರು, ಎಲೆಚೂರು. ಕೆಲವೊಮ್ಮೆ ದೋಣಿ ಕಟ್ಟಿದವರೇ ಬಿಟ್ಟ ಗಟ್ಟಿಯಾದ ರೆಸಿನ್.

ಹಾಗಾದರೆ ಎಲ್ಲ ಕೋಣೆಗಳನ್ನೂ ಒಂದಕ್ಕೊಂದು ತೆರೆದುಬಿಡುವುದೇ, ಅಥವಾ ಮುಚ್ಚಿದ ಕೋಣೆಗಳನ್ನು ಉಳಿಸಿಕೊಳ್ಳುವುದೇ? ಈ ಆಯ್ಕೆಯನ್ನು ಹಗುರವಾಗಿ ಮಾಡಬಾರದು. ತೆರೆದ ಕೋಣೆಗಳಿದ್ದರೆ ಒಂದೇ ಪಂಪು, ಒಂದೇ ತೂಬು ಸಾಕು, ಗಾಳಿಯೂ ಆಡುತ್ತದೆ. ಆದರೆ ಮೂತಿ ಬಂಡೆಗೆ ತಾಗಿ ಒಡೆದರೆ ಆ ನೀರು ಇಡೀ ದೋಣಿಗೆ ಹರಡುತ್ತದೆ. ಮುಚ್ಚಿದ ಕೋಣೆಗಳಿದ್ದರೆ ಒಡೆದ ಕೋಣೆ ಮಾತ್ರ ತುಂಬುತ್ತದೆ, ದೋಣಿ ತೇಲುತ್ತಿರುತ್ತದೆ. ಆದರೆ ಪ್ರತಿಯೊಂದನ್ನೂ ಬೇರೆ ಬೇರೆಯಾಗಿ ಒಣಗಿಸಬೇಕು. ಮೂತಿಯ ಕೋಣೆಯೂ ತೇಲುಕೋಣೆಗಳೂ ಮುಚ್ಚಿಯೇ ಇರಲಿ, ಅವುಗಳಿಗೆ ಕೈ ಹೋಗುವಷ್ಟು ದೊಡ್ಡದಾದ ತಿರುಪಿನ ಮುಚ್ಚಳವಿರಲಿ, ಉಳಿದವು ಹಿಂದಕ್ಕೆ ಹರಿಯಲಿ ಎಂಬುದು ನನ್ನ ಖಚಿತ ಅಭಿಪ್ರಾಯ. ಅಡ್ಡಗೋಡೆಯಲ್ಲಿ ತೂಬು ಇಡಲೇಬೇಕಾದರೆ ಅದಕ್ಕೆ ಪ್ಲಗ್ ಅಥವಾ ವಾಲ್ವ್ ಇರಲಿ; ಓಡುವಾಗ ಅದು ಮುಚ್ಚಿರಲಿ, ದಡದಲ್ಲಿ ತೆರೆದಿರಲಿ.

ಎಡ-ಬಲ ಕೋಣೆಗಳ ವಿಷಯದಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು. ಒಳಗೆ ನಿಂತ ನೀರು ದೋಣಿ ವಾಲಿದ ಕಡೆಗೇ ಓಡಿ ಅದನ್ನು ಮತ್ತಷ್ಟು ವಾಲಿಸುತ್ತದೆ, ಮತ್ತು ಈ ಅಪಾಯ ನೀರು ಹರಡಿದ ಅಗಲದ ಘನಕ್ಕೆ ಅನುಗುಣವಾಗಿ ಬೆಳೆಯುತ್ತದೆ. ಆದ್ದರಿಂದ ಒಳತಳವನ್ನು ನಡುವೆ ಉದ್ದಕ್ಕೆ ಒಂದು ಪಟ್ಟಿಯಿಂದ ಎರಡಾಗಿ ಒಡೆದರೆ ಒಂದೊಂದು ಭಾಗದ ಅಪಾಯ ಎಂಟನೇ ಒಂದಾಗಿ, ಎರಡೂ ಸೇರಿ ಅಪಾಯ ಅರ್ಧಕ್ಕಲ್ಲ, ಕಾಲು ಭಾಗಕ್ಕೆ ಇಳಿಯುತ್ತದೆ. ನೀರು ಬೇಗ ಹರಿಯಲಿ ಎಂದು ಆ ನಡುಪಟ್ಟಿಯಲ್ಲಿ ದೊಡ್ಡ ಕಂಡಿ ಕೊರೆಯುವವರು ಈ ರಕ್ಷಣೆಯನ್ನೇ ಕಳೆದುಕೊಳ್ಳುತ್ತಾರೆ.

ಫೈಬರ್ ದೋಣಿಗಳ ಪಟ್ಟಿಗಳ ಒಳಗೆ ಹಲವೊಮ್ಮೆ ಮರ ಅಥವಾ ಪ್ಲೈವುಡ್ ಇರುತ್ತದೆ. ಅದನ್ನು ಕೊಳೆಸುವುದು ಸಮುದ್ರದ ಉಪ್ಪುನೀರಿಗಿಂತ ಹೆಚ್ಚಾಗಿ ಮಳೆಯ ಸಿಹಿನೀರು, ಏಕೆಂದರೆ ಮರ ತಿನ್ನುವ ಶಿಲೀಂಧ್ರಕ್ಕೆ ಉಪ್ಪು ಹಿತವಲ್ಲ. ಕಂಡಿ ಕೊರೆದಾಗ ಅದರ ಕಚ್ಚಾ ಅಂಚಿಗೆ ಎಪಾಕ್ಸಿ ಬಳಿಯದೆ ಬಿಟ್ಟರೆ ನೀರು ಅಲ್ಲಿಂದಲೇ ಮರಕ್ಕೆ ಇಳಿಯುತ್ತದೆ. ನೆಲದಡಿ ತುಂಬಿದ ಫೋಮ್ ಕೂಡ ವರ್ಷಗಟ್ಟಲೆ ನೀರಲ್ಲಿ ನೆಂದರೆ ಹೀರಿಕೊಂಡು ಭಾರವಾಗುತ್ತದೆ, ಮತ್ತು ಯಾವ ಪಂಪೂ ಅದರೊಳಗಿನ ನೀರನ್ನು ತೆಗೆಯಲಾರದು.

ಪ್ಲಗ್ ಅಥವಾ ಬಿರಡೆ

ಎಲ್ಲಕ್ಕಿಂತ ಸರಳವಾದ ವ್ಯವಸ್ಥೆ ಹಿಂಬದಿಯ ಹಲಗೆಯ ಬುಡದಲ್ಲಿರುವ ತೂಬು ಮತ್ತು ಅದರ ಬಿರಡೆ. ದೋಣಿಯನ್ನು ಪ್ರತಿ ಬಾರಿ ಟ್ರೈಲರಿನಲ್ಲಿ ಮನೆಗೆ ತರುವವರಿಗೆ, ಅಥವಾ ಮರಳಿನ ಮೇಲೆ ಎಳೆದಿಡುವವರಿಗೆ ಇದಕ್ಕಿಂತ ಉತ್ತಮವಾದದ್ದಿಲ್ಲ. ಬಿರಡೆ ಬಿಚ್ಚಿ, ಮೂತಿ ಎತ್ತಿ ಇಟ್ಟರೆ ಎಷ್ಟು ಮಳೆ ಬಂದರೂ ಅದು ಬಂದ ಹಾಗೆಯೇ ಹೋಗುತ್ತದೆ. ಬ್ಯಾಟರಿ ಬೇಡ, ವಯರು ಬೇಡ.

ಅದರ ದೌರ್ಬಲ್ಯವೂ ಅದೇ ತೂಬಿನಲ್ಲಿದೆ. ಬಿರಡೆ ಹಾಕದೆ ನೀರಿಗೆ ಇಳಿಸಿದರೆ ಏನಾಗುತ್ತದೆ? ಒಂದು ಇಂಚಿನ ತೂಬು ನೀರಿನ ಮಟ್ಟಕ್ಕಿಂತ 20 ಸೆಂಟಿಮೀಟರ್ ಕೆಳಗಿದ್ದರೆ ನಿಮಿಷಕ್ಕೆ 35 ಲೀಟರಿನಷ್ಟು ನೀರು ಒಳನುಗ್ಗುತ್ತದೆ. ಪೆಟ್ಟಿಗೆಯ ಮೇಲೆ ಗಂಟೆಗೆ 500 ಗ್ಯಾಲನ್ ಎಂದು ಬರೆದ ಪಂಪು, ಅಮೆರಿಕದ ಗ್ಯಾಲನ್ 3.785 ಲೀಟರ್ ಆದ್ದರಿಂದ, ಅತ್ಯುತ್ತಮ ಸ್ಥಿತಿಯಲ್ಲೂ ನಿಮಿಷಕ್ಕೆ 31 ಲೀಟರ್ ಮಾತ್ರ ಎತ್ತುತ್ತದೆ. ಅಂದರೆ ಒಂದು ಮರೆತ ಬಿರಡೆಯನ್ನು ಆ ಪಂಪು ಗೆಲ್ಲಲಾರದು. ಹೀಗಾಗಿ ಬಿರಡೆಯನ್ನು ಎಂಜಿನ್ನಿನ ಕೀಲಿಕೈಯೊಂದಿಗೆ ಒಂದೇ ದಾರದಲ್ಲಿ ಕಟ್ಟಿಡುವ ಕ್ರಮವನ್ನು ನಾನು ಎಲ್ಲರಿಗೂ ಒತ್ತಿ ಹೇಳುತ್ತೇನೆ. ಇನ್ನೊಂದು ಬಿರಡೆ ದೋಣಿಯಲ್ಲೇ ಇರಲಿ.

ಲೋಹದ ಆಯ್ಕೆಯೂ ಮುಖ್ಯ. ಪೇಟೆಯ ಪೈಪಂಗಡಿಯಲ್ಲಿ ಸಿಗುವ ಹಿತ್ತಾಳೆಯ ಪ್ಲಗ್ ತಿರುಪಿಗೆ ಸರಿಯಾಗಿ ಕೂರಬಹುದು, ಆದರೆ ಅಳಿವೆಯ ಉಪ್ಪುನೀರಿನಲ್ಲಿ ಹಿತ್ತಾಳೆಯೊಳಗಿನ ಸತು ಕರಗಿಹೋಗಿ ತಾಮ್ರದ ಜಾಳಾದ ಅಸ್ಥಿಪಂಜರ ಮಾತ್ರ ಉಳಿಯುತ್ತದೆ. ಹಳದಿಯಾಗಿದ್ದ ಪ್ಲಗ್ ನಸುಗೆಂಪಾಗಿ ಕಂಡರೆ, ಉಗುರಿನಿಂದ ಕೆರೆದಾಗ ಪುಡಿ ಉದುರಿದರೆ, ಅದನ್ನು ಅಂದೇ ಬದಲಿಸಬೇಕು. ನೀರಿನ ಮಟ್ಟಕ್ಕಿಂತ ಕೆಳಗೆ ಕಂಚು ಅಥವಾ 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಹಾಕುವುದು ಸೂಕ್ತ. ಸಾದಾ ಪ್ಲಾಸ್ಟಿಕ್ ನಮ್ಮ ಮಾರ್ಚ್-ಏಪ್ರಿಲಿನ ಬಿಸಿಲಿಗೆ ಬಿರಿಯುತ್ತದೆ.

ಸ್ಕಪ್ಪರ್ ಮತ್ತು ತಾನೇ ಬರಿದಾಗುವ ನೆಲ

ಕಡವಿನಲ್ಲಿ ಸದಾ ತೇಲುತ್ತಿರುವ ದೋಣಿಗೆ ಬಿರಡೆ ಬಿಚ್ಚಿಡುವ ಅವಕಾಶವಿಲ್ಲ. ಅಂಥ ದೋಣಿಗೆ ಮೊದಲ ಆಯ್ಕೆ, ನೆಲವನ್ನೇ ಹೊರಗಿನ ನೀರಿನ ಮಟ್ಟಕ್ಕಿಂತ ಮೇಲೆ ಕಟ್ಟಿ, ಅದರ ಮೂಲೆಗಳಲ್ಲಿ ಹೊರಕ್ಕೆ ಬಿಟ್ಟ ಗಂಡಿಗಳು, ಅಂದರೆ ಸ್ಕಪ್ಪರ್‌ಗಳು. ಮಳೆನೀರು ಬಹುಮಟ್ಟಿಗೆ ಒಳತಳಕ್ಕೆ ಇಳಿಯುವುದಿಲ್ಲ. ನೆಲದ ಮೇಲಿನಿಂದಲೇ ಹೊಳೆಗೆ ಸೇರುತ್ತದೆ. ಗುರುತ್ವಾಕರ್ಷಣೆಯಿಂದ ನಡೆಯುವ ಈ ವ್ಯವಸ್ಥೆಗೆ ಯಾವ ವಿದ್ಯುತ್ ವ್ಯವಸ್ಥೆಯೂ ಸಮನಲ್ಲ, ಮತ್ತು ಹೊಸ ದೋಣಿ ಕೊಳ್ಳುವವರು ಸ್ವಲ್ಪ ಹೆಚ್ಚು ಕೊಟ್ಟಾದರೂ ಇದನ್ನೇ ಕೇಳಬೇಕು ಎಂಬುದರಲ್ಲಿ ನನಗೆ ಸಂಶಯವಿಲ್ಲ.

ಆದರೆ ನೆಲ ಎಷ್ಟು ಎತ್ತರದಲ್ಲಿದೆ ಎಂಬುದನ್ನು ಖಾಲಿ ದೋಣಿಯಲ್ಲಿ ಅಳೆದರೆ ಪ್ರಯೋಜನವಿಲ್ಲ. ನೀರನ್ನು ಮುಟ್ಟುವ ವಿಸ್ತಾರ 7 ಚದರ ಮೀಟರ್ ಇರುವ ದೋಣಿಗೆ ಐದು ಜನ, ಅಂದರೆ ಸುಮಾರು 350 ಕಿಲೋ ಭಾರ ಏರಿದರೆ ಅದು 5 ಸೆಂಟಿಮೀಟರ್ ಕೆಳಗಿಳಿಯುತ್ತದೆ. ಅವರೆಲ್ಲ ಹಿಂದೆಯೇ ಕುಳಿತರೆ ಹಿಂಭಾಗ ಇನ್ನೂ ಹೆಚ್ಚು. ಖಾಲಿಯಿದ್ದಾಗ ನಾಲ್ಕು ಸೆಂಟಿಮೀಟರ್ ಮೇಲಿದ್ದ ನೆಲ ಈಗ ಹೊಳೆಗಿಂತ ಕೆಳಗೆ, ಮತ್ತು ಹೊರಹೋಗಬೇಕಾದ ಗಂಡಿಯಿಂದಲೇ ನೀರು ಒಳಬರುತ್ತದೆ. ಕೊಳ್ಳುವ ಮೊದಲು ಹಿಂಭಾಗದಲ್ಲಿ ಜನರನ್ನು ಕೂರಿಸಿ ಗಂಡಿಗಳನ್ನು ನೋಡಿಯೇ ಒಪ್ಪಬೇಕು. ಹೊರಬದಿಗೆ ರಬ್ಬರಿನ ನಾಲಿಗೆ ಅಥವಾ ತೇಲುವ ಚೆಂಡು ಇರುವ ಸ್ಕಪ್ಪರ್‌ಗಳು ಈ ಹಿನ್ನುಗ್ಗುವಿಕೆಯನ್ನು ಬಹುಮಟ್ಟಿಗೆ ತಡೆಯುತ್ತವೆಯಾದರೂ, ನಾಲಿಗೆಯ ಅಡಿಗೆ ನಾಲ್ಕು ಕಾಳು ಮರಳು ಸಿಕ್ಕರೆ ಅದು ಮುಚ್ಚದು.

ಗಂಡಿಯ ಗಾತ್ರ ದೊಡ್ಡದಿರಲಿ, ಎರಡೂ ಬದಿಗೆ ಇರಲಿ. ದಡದ ಮರಗಳ ಅಡಿಯಲ್ಲಿ ಕಟ್ಟಿದ ದೋಣಿಯಲ್ಲಿ ಒಂದೇ ಒಂದು ಎಲೆ ಸಣ್ಣ ಗಂಡಿಯನ್ನು ಮುಚ್ಚಿಬಿಡಬಲ್ಲದು. ಒಳಗಲ್ಲ, ಮೇಲೆ ಕುಳಿತು ಹುಟ್ಟು ಹಾಕುವ ಕಾಯಾಕ್‌ಗಳಲ್ಲಿ ನೆಲದಿಂದ ತಳದವರೆಗೆ ನೇರವಾಗಿ ಇರುವ ತೂತುಗಳೂ ಇದೇ ತತ್ವದವು. ಅವಕ್ಕೆ ಬೇರೇನೂ ಬೇಕಿಲ್ಲ.

ಸ್ಕಪ್ಪರ್ ಇದೆ ಎಂದು ಒಳತಳವನ್ನು ಮರೆಯಬಾರದು. ನೆಲದ ಮುಚ್ಚಳಗಳ ಅಂಚಿನಿಂದ, ವಯರು ಹೋಗುವ ತೂತುಗಳಿಂದ ಸ್ವಲ್ಪವಾದರೂ ನೀರು ಕೆಳಗಿಳಿದೇ ಇಳಿಯುತ್ತದೆ. ಓಡುವಾಗ ತಳದ ಹರಿವಿನ ಸೆಳೆತದಿಂದ ನೀರನ್ನು ಹೊರಗೆಳೆಯುವ ಸಾಧನಗಳೂ ಇವೆ, ಹಾಯಿದೋಣಿಗಳಲ್ಲಿ ಅವು ಸಾಮಾನ್ಯ. ವೇಗ ಕಡಿಮೆಯಾದ ಕೂಡಲೆ ಅವುಗಳನ್ನು ಮುಚ್ಚದಿದ್ದರೆ ನೀರು ತಿರುಗಿ ಬರುವುದರಿಂದ, ನಿಧಾನವಾಗಿ ಸಾಗುವ ನಮ್ಮ ಹಿನ್ನೀರಿನ ವಿಹಾರಕ್ಕೆ ಅವು ಹೊಂದುವುದಿಲ್ಲ.

ಕೈಯಿಂದ ತೆಗೆಯುವುದು

ಅಡಿಕೆತೋಟಕ್ಕೆ ನೀರು ಎರಚಲು ಬಳಸುತ್ತಿದ್ದ ಹಾಳೆ, ತುದಿ ಕತ್ತರಿಸಿದ ಎಣ್ಣೆಕ್ಯಾನು, ಹತ್ತು ಲೀಟರಿನ ಬಕೆಟ್ ಇವುಗಳನ್ನು ಕಡೆಗಣಿಸಬೇಡಿ. ಹೆದರಿದ ಒಬ್ಬ ಮನುಷ್ಯ ಬಕೆಟ್ಟಿನಿಂದ ಮೊದಲ ಕೆಲವು ನಿಮಿಷ ಮೊಗೆಯುವ ವೇಗ ಬಹುತೇಕ ಸಣ್ಣ ವಿದ್ಯುತ್ ಪಂಪುಗಳಿಗಿಂತ ಹೆಚ್ಚು: ನಿಮಿಷಕ್ಕೆ ಹತ್ತು ಬಕೆಟ್ ಎಂದರೂ 100 ಲೀಟರ್. ಅವನು ಬೇಗ ದಣಿಯುತ್ತಾನೆ, ಮತ್ತು ನೆಲಹಲಗೆಯ ಅಡಿಯ ಇಕ್ಕಟ್ಟಿಗೆ ಬಕೆಟ್ ಇಳಿಯದು ಎಂಬುದು ಅದರ ಮಿತಿ.

ಆ ಇಕ್ಕಟ್ಟಿಗೆ ಕೈಪಂಪು ಬೇಕು. ಕೊಳವೆಯ ಆಕಾರದ, ಎಳೆದು ತಳ್ಳುವ ಪಿಸ್ಟನ್ ಪಂಪು ಅಗ್ಗ, ಎಲ್ಲಿಗೂ ಒಯ್ಯಬಹುದು. ಆದರೆ ಮರಳು ಸೇರಿದರೆ ಅದರ ವಾಷರು ಬೇಗ ಸವೆಯುತ್ತದೆ. ಗೋಡೆಗೆ ಬಿಗಿದು ಹಿಡಿಕೆಯಿಂದ ಆಡಿಸುವ ಡಯಾಫ್ರಾಮ್ ಪಂಪು ದುಬಾರಿಯಾದರೂ ಕೆಸರು, ನಾರು, ಎಲೆಚೂರುಗಳನ್ನು ನುಂಗಿ ಹೊರಹಾಕುತ್ತದೆ, ಮತ್ತು ಚುಕ್ಕಾಣಿ ಹಿಡಿದೇ ಇನ್ನೊಂದು ಕೈಯಿಂದ ಅದನ್ನು ನಡೆಸಬಹುದು. ಐದು ಮೀಟರಿಗಿಂತ ಉದ್ದದ ದೋಣಿಯಲ್ಲಿ, ಅದರಲ್ಲೂ ಅಳಿವೆಯ ಬಾಗಿಲು ದಾಟಿ ಕಡಲಿಗೆ ಹೋಗುವ ದೋಣಿಯಲ್ಲಿ ಡಯಾಫ್ರಾಮ್ ಪಂಪು ಇರಲೇಬೇಕು ಎನ್ನುತ್ತೇನೆ. ಅದರ ರಬ್ಬರಿನ ಪೊರೆ ವರ್ಷಗಳಲ್ಲಿ ಬಿರಿಯುವುದರಿಂದ ಒಂದು ಬಿಡಿಪೊರೆ ಜೊತೆಗಿರಲಿ.

ವಿದ್ಯುತ್ ಪಂಪು

ಮುಳುಗಿ ಕೆಲಸ ಮಾಡುವ 12 ವೋಲ್ಟಿನ ಸಣ್ಣ ಪಂಪು ಮತ್ತು ಅದರೊಂದಿಗಿನ ಫ್ಲೋಟ್ ಸ್ವಿಚ್ ಇಂದು ಹೆಚ್ಚಿನ ದೋಣಿಗಳಲ್ಲಿವೆ. ಯಾರೂ ಇಲ್ಲದ ಹೊತ್ತಿನಲ್ಲಿ ನೀರು ಏರಿದ ಕೂಡಲೆ ತಾನೇ ಚಾಲೂ ಆಗುವುದು ಇದರ ದೊಡ್ಡ ಗುಣ. ಆದರೆ ಪೆಟ್ಟಿಗೆಯ ಮೇಲಿನ ಅಂಕಿಯನ್ನು ನಂಬಿ ಆರಿಸಬೇಡಿ. ಆ ಅಂಕಿ ಎತ್ತರವೇ ಇಲ್ಲದೆ, ಪೈಪೇ ಇಲ್ಲದೆ ಅಳೆದದ್ದು. ಒಂದು ಮೀಟರ್ ಎತ್ತರಕ್ಕೆ, ಎರಡು ಮೂರು ತಿರುವು ದಾಟಿ, ಒಳಮೈ ಏರಿಳಿತದ ಅಗ್ಗದ ಪೈಪಿನಲ್ಲಿ ಎತ್ತುವಾಗ ಮೂರನೇ ಒಂದು ಭಾಗದಿಂದ ಅರ್ಧದವರೆಗೆ ಇಳಿಯುವುದು ಸಾಮಾನ್ಯ. ಅಳವಡಿಸಿದ ಮೇಲೆ 20 ಲೀಟರಿನ ಬಕೆಟ್ ತುಂಬಲು ಎಷ್ಟು ಸೆಕೆಂಡು ಬೇಕು ಎಂದು ನೋಡಿದರೆ ನಿಜವಾದ ಸಾಮರ್ಥ್ಯ ತಿಳಿಯುತ್ತದೆ. ನನ್ನ ಸಲಹೆ, 500ರ ಬದಲು 1,100 ಗ್ಯಾಲನ್ನಿನ ಪಂಪು, ಮತ್ತು ಒಳಮೈ ನುಣುಪಾದ ಪೈಪು.

ಒಂದೇ ದೊಡ್ಡ ಪಂಪೋ ಎರಡು ಚಿಕ್ಕವೋ ಎಂಬ ಪ್ರಶ್ನೆಗೆ, ಎರಡು ಎಂಬುದೇ ಉತ್ತರ: ಚಿಕ್ಕದು ತೀರಾ ತಗ್ಗಿನಲ್ಲಿ ದಿನನಿತ್ಯದ ನೀರಿಗೆ, ದೊಡ್ಡದು ಒಂದು ಗೇಣು ಮೇಲೆ, ಬೇರೆ ಫ್ಯೂಸು ಮತ್ತು ಬೇರೆ ಸ್ವಿಚ್ಚಿನೊಂದಿಗೆ. ದೊಡ್ಡದು ಚಾಲೂ ಆದಾಗ ಕೂಗುವ ಅಲಾರಂ ಇದ್ದರೆ ಇನ್ನೂ ಒಳ್ಳೆಯದು, ಏಕೆಂದರೆ ಆಗ ಚಿಕ್ಕದು ಸೋತಿದೆ ಎಂದೇ ಅರ್ಥ.

ಬ್ಯಾಟರಿಯ ಬಗ್ಗೆ ಜನರಿಗಿರುವ ಹೆದರಿಕೆ ತಪ್ಪು ದಿಕ್ಕಿನಲ್ಲಿದೆ. ಚಿಕ್ಕ ಪಂಪು ಸುಮಾರು 2.5 ಆಂಪಿಯರ್ ಎಳೆಯುತ್ತದೆ. ಮೊದಲು ಹೇಳಿದ 800 ಲೀಟರ್ ಮಳೆನೀರನ್ನು ಅದು ಒಂದು ಗಂಟೆಯೊಳಗೆ ತೆಗೆದರೆ ಖರ್ಚಾಗುವುದು ಎರಡೂವರೆ ಆಂಪಿಯರ್-ಅವರಿಗಿಂತ ಕಡಿಮೆ. 60 ಆಂಪಿಯರ್-ಅವರಿನ ಬ್ಯಾಟರಿಗೆ ಅದು ದೊಡ್ಡದಲ್ಲ. ಬ್ಯಾಟರಿ ಬರಿದಾಗುವುದು ಫ್ಲೋಟ್ ಸ್ವಿಚ್ ಕೆಸರಿನಿಂದಲೋ ಜಿಡ್ಡಿನಿಂದಲೋ ಮೇಲೆಯೇ ಸಿಕ್ಕಿಕೊಂಡು ಪಂಪು ಒಣಗಿದ್ದರೂ ತಿರುಗುತ್ತಲೇ ಇದ್ದಾಗ: ಒಂದು ಹಗಲು-ರಾತ್ರಿ ಕಳೆಯುವಷ್ಟರಲ್ಲಿ ಎಲ್ಲವೂ ಮುಗಿದಿರುತ್ತದೆ, ಮುಂದಿನ ಮಳೆಗೆ ದೋಣಿ ನಿರಾಯುಧ. ಪಂಪಿನ ಬುಡದ ಜಾಲರಿಯನ್ನು ಎರಡು ಬದಿಯ ಕಚ್ಚು ಒತ್ತಿ ಎತ್ತಿ ನೋಡಿ. ಒಳಗಿನ ಪುಟ್ಟ ಚಕ್ರಕ್ಕೆ ಹಗ್ಗದ ನಾರು ಎಳೆಎಳೆಯಾಗಿ ಸುತ್ತಿಕೊಂಡು, ಜಿಡ್ಡು ಮತ್ತು ಕೆಮ್ಮಣ್ಣಿನೊಂದಿಗೆ ಗಟ್ಟಿ ಉಂಗುರದಂತೆ ಕೂತಿರುವುದು ಕಾಣುತ್ತದೆ. ಚಿಮಟದಿಂದ ಬಿಡಿಸಿದರೆ ಅದೇ ಪಂಪು ಮತ್ತೆ ಹೊಸದರಂತೆ ಎತ್ತುತ್ತದೆ.

ಹೊರಪೈಪಿನ ಬಾಯಿ ಯಾವಾಗಲೂ ನೀರಿನ ಮಟ್ಟಕ್ಕಿಂತ ಸಾಕಷ್ಟು ಮೇಲಿರಬೇಕು, ಪೈಪು ಅದಕ್ಕಿಂತಲೂ ಮೇಲಕ್ಕೆ ಕಮಾನಾಗಿ ಏರಿ ಇಳಿಯಬೇಕು. ಇಲ್ಲವಾದರೆ ದೋಣಿ ವಾಲಿದಾಗ ಬಾಯಿ ಮುಳುಗಿ, ಪಂಪು ನಿಂತ ಮೇಲೆ ಹೊಳೆಯ ನೀರು ಅದೇ ಪೈಪಿನಲ್ಲಿ ಒಳಕ್ಕೆ ಹರಿಯಲು ತೊಡಗುತ್ತದೆ. ತೋಟದ ಪಂಪಿಗೆ ಫುಟ್‌ವಾಲ್ವ್ ಹಾಕಿ ರೂಢಿಯಾದವರು ಇಲ್ಲಿಯೂ ನೀರು ಹಿಂದಕ್ಕೆ ಹರಿಯದಂತೆ ತಡೆಯುವ ಒಂದು ಚೆಕ್‌ವಾಲ್ವ್ ಹಾಕಿದರೆ ಸಾಕೆಂದು ಭಾವಿಸುತ್ತಾರೆ. ಚೆಕ್‌ವಾಲ್ವ್ ಹರಿವನ್ನು ಕಡಿಮೆ ಮಾಡುತ್ತದೆ, ಕಸದಿಂದ ಸಿಕ್ಕಿಕೊಳ್ಳುತ್ತದೆ; ಅದನ್ನು ಕಮಾನಿಗೆ ಬದಲಿಯೆಂದು ಎಣಿಸಲಾಗದು. ವಯರಿಂಗಿನಲ್ಲಿ ತವರ ಲೇಪಿತ ತಾಮ್ರವನ್ನೇ ಬಳಸಿ, ಮುಖ್ಯ ಸ್ವಿಚ್ ಆರಿಸಿದಾಗಲೂ ಫ್ಲೋಟ್ ಸ್ವಿಚ್ಚಿಗೆ ವಿದ್ಯುತ್ ಸಿಗುವಂತೆ, ಬ್ಯಾಟರಿಯ ಹತ್ತಿರವೇ ಫ್ಯೂಸು ಇರುವಂತೆ ನೋಡಿಕೊಳ್ಳಿ. ಪೆಟ್ರೋಲ್ ಆವಿ ಗಾಳಿಗಿಂತ ಭಾರವಾಗಿದ್ದು ಒಳತಳದಲ್ಲೇ ಕೂರುವುದರಿಂದ, ಟ್ಯಾಂಕ್ ಒಳಗಿರುವ ದೋಣಿಯಲ್ಲಿ ಕಿಡಿ ಹೊರಬಾರದ ದರ್ಜೆಯ ಪಂಪು ಮತ್ತು ಸ್ವಿಚ್ ಅನಿವಾರ್ಯ.

ಇನ್ನೊಂದು ಮಾತು: ಎಣ್ಣೆ ಬೆರೆತ ನೀರನ್ನು ಪಂಪು ವಿವೇಚನೆಯಿಲ್ಲದೆ ಹೊಳೆಗೆ ಚೆಲ್ಲುತ್ತದೆ. ಎಂಜಿನ್ನಿನ ಕೆಳಗೆ ಎಣ್ಣೆ ಹೀರುವ ಬಟ್ಟೆ ಇಟ್ಟು ಆಗಾಗ ಬದಲಿಸಿ. ಚಿಪ್ಪು ಹೆಕ್ಕಿ, ಮೀನು ಹಿಡಿದು ಬದುಕುವವರ ನೀರು ಅದು. ಒಳನಾಡು ಹಡಗುಗಳ 2021ರ ಕಾಯ್ದೆಯೂ ಅಂಥ ಮಾಲಿನ್ಯವನ್ನು ನಿಷೇಧಿಸುತ್ತದೆ.

ಯಾರಿಗೆ ಯಾವುದು

ಮನೆಯಂಗಳಕ್ಕೆ ಮರಳುವ ಸಣ್ಣ ದೋಣಿಗೆ ಕಂಚಿನ ಬಿರಡೆ, ಬಕೆಟ್, ಪಿಸ್ಟನ್ ಪಂಪು ಸಾಕು. ವಿದ್ಯುತ್ ಪಂಪಿಗೆ ಖರ್ಚು ಮಾಡಬೇಕಾಗಿಲ್ಲ. ವರ್ಷವಿಡೀ ಕಡವಿನಲ್ಲಿ ತೇಲುವ ಫೈಬರ್ ದೋಣಿಗೆ ಸ್ಕಪ್ಪರ್ ಇರುವ ನೆಲ, ಎರಡು ಪಂಪು, ಸಣ್ಣ ಸೋಲಾರ್ ಫಲಕ ಬೇಕು. ಇಳಿತದಲ್ಲಿ ಕೆಸರಿನ ಮೇಲೆ ಕೂರುವ ದೋಣಿಯಾದರೆ ತಳದ ತೂಬು ಕೆಸರಿನಿಂದ ಕಟ್ಟುವುದನ್ನೂ ಎಣಿಕೆಗೆ ತೆಗೆದುಕೊಳ್ಳಿ. ನೆಲ ತಗ್ಗಾಗಿರುವ ಹಳೆಯ ದೋಣಿಯಿದ್ದರೆ ಪಂಪಿಗಿಂತ ಮೊದಲು ಟಾರ್ಪಾಲಿಗೆ ಹಣ ಹಾಕಿ: ನಡುವೆ ಉದ್ದಕ್ಕೆ ಬಿದಿರು ಕೊಟ್ಟು ಮನೆಯ ಮಾಡಿನಂತೆ ಇಳಿಜಾರು ಮಾಡಬೇಕು, ಇಲ್ಲವಾದರೆ ಹೊದಿಕೆಯ ತಗ್ಗಿನಲ್ಲೇ ನೂರಾರು ಲೀಟರ್ ನಿಂತು ಟಾರ್ಪಾಲೇ ಹರಿದುಹೋಗುತ್ತದೆ. ಗೇರುಬೀಜದ ಸಿಪ್ಪೆಯ ಎಣ್ಣೆ ಬಳಿದ ಮರದ ದೋಣಿಯ ಸಂದುಗಳಲ್ಲಿ ಸ್ವಲ್ಪ ನೀರು ಒಸರುವುದು ಸಹಜವಾದ್ದರಿಂದ ಅದಕ್ಕೆ ಕಂಡಿಗಳ ಶುದ್ಧಿ ಮತ್ತು ಡಯಾಫ್ರಾಮ್ ಪಂಪು ಮುಖ್ಯ. ಬಾಡಿಗೆಗೆ ಜನರನ್ನು ಕೂರಿಸುವ ದೋಣಿಗೆ ಸರ್ವೆ ಮತ್ತು ನೋಂದಣಿಯ ನಿಯಮಗಳು ಬೇರೆಯೇ ಇವೆ. ಅಲ್ಲಿ ನೀರು ತೆಗೆಯುವ ಎರಡು ಸ್ವತಂತ್ರ ದಾರಿಗಳಿಗಿಂತ ಕಡಿಮೆಗೆ ಒಪ್ಪಬೇಡಿ.

ಈ ಕೆಲಸಗಳೆಲ್ಲ ಪತ್ತನಾಜೆಗೆ, ಅಂದರೆ ಮೇ ತಿಂಗಳ ಕೊನೆಯ ಭಾಗಕ್ಕೆ, ಮೊದಲೇ ಮುಗಿಯಲಿ, ಏಕೆಂದರೆ ಮಳೆ ಹಿಡಿದ ಮೇಲೆ ಎಪಾಕ್ಸಿ ಒಣಗದು. ಹಳೆಯ ದೋಣಿ ಕೊಳ್ಳುವವರು ಹಣ ಕೊಡುವ ಮೊದಲು ಹಿಂಬದಿಯ ತೂಬಿನ ಸುತ್ತ ಮತ್ತು ಪ್ರತಿ ಕಂಡಿಯ ಅಂಚಿನಲ್ಲಿ ಮರದ ಹಿಡಿಕೆಯಿಂದ ಮೆಲ್ಲಗೆ ತಟ್ಟಿ ಕೇಳಿ. ಗಟ್ಟಿ ಜಾಗ ಟಣ್ ಎನ್ನುತ್ತದೆ, ಕೊಳೆತದ್ದು ಬದ್ದೆನ್ನುತ್ತದೆ. ತೂಬಿನ ಸುತ್ತ ಬದ್ದೆಂದರೆ ಬೆಲೆ ಎಷ್ಟೇ ಇಳಿಸಿದರೂ ಆ ದೋಣಿ ಬೇಡ, ಏಕೆಂದರೆ ಎಂಜಿನ್ನನ್ನು ಹೊರುವುದೂ ಅದೇ ಹಲಗೆ.